52ನೇ ಬೀದಿಯಲ್ಲಿ ಅರ್ಧ ಗಂಟೆ

ನ್ಯೂಯಾರ್ಕ್‌ಗೆ ಹೋದವರೆಲ್ಲ ಟೈಮ್ಸ್ ಸ್ಕ್ವೇರ್‌ನಲ್ಲಿ ಸೆಲ್ಫಿ ತಗೋತಾರೆ. ಆಫೀಸ್ ಕೆಲಸದ ಮೇಲೆ ಹೋಗಿದ್ದ ನಾನು, ಸಿಕ್ಕ ಒಂದೇ ಮಧ್ಯಾಹ್ನ ವೆಸ್ಟ್ 52ನೇ ಬೀದಿಯ ಪೇಲಿ ಸೆಂಟರ್‌ಗೆ ನಡೆದೆ. ವಿಲಿಯಂ ಪೇಲಿ 1975ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಪುಸ್ತಕದ ಬದಲು ಹಳೇ ಟಿವಿ ಕಾರ್ಯಕ್ರಮ ಕೇಳಿ ಪಡೆದು, ಹೆಡ್‌ಫೋನ್ ಹಾಕ್ಕೊಂಡು ನೋಡೋ ಲೈಬ್ರರಿ ಅನ್ನಿ.

ಪಕ್ಕದಲ್ಲಿ ಕೂತಿದ್ದ ಅಜ್ಜ 'ಜೆಪರ್ಡಿ!' ಭಕ್ತರು. ಉತ್ತರ ಕೊಟ್ಟು ಪ್ರಶ್ನೆ ಕೇಳಿಸೋ ಆಟ ಅದು. 1964ರಿಂದ 1975ರವರೆಗೆ ಆರ್ಟ್ ಫ್ಲೆಮಿಂಗ್ ನಡೆಸಿಕೊಟ್ಟ 2,700ಕ್ಕೂ ಹೆಚ್ಚು ಕಂತುಗಳಲ್ಲಿ ಉಳಿದಿರೋದು ಬೆರಳೆಣಿಕೆಯಷ್ಟು. ಆಗ ವಿಡಿಯೋಟೇಪ್ ದುಬಾರಿ. ಎರಡಂಗುಲ ಅಗಲದ ಸುರುಳಿಯನ್ನ ಅಳಿಸಿ ಅದರ ಮೇಲೇ ಇನ್ನೊಂದು ಕಾರ್ಯಕ್ರಮ. ಹಗಲು ಹೊತ್ತಿನ ಆಟವನ್ನ ಮತ್ತೆ ಯಾರು ನೋಡ್ತಾರೆ ಅಂತ! ಉಳಿದದ್ದರಲ್ಲೊಂದನ್ನ ಅಜ್ಜ ನನಗೂ ತೋರಿಸಿದರು. ಅವರ ಕಣ್ಣೆಲ್ಲ ಸೋತವರ ಮೇಲೆ. "ಗೆದ್ದವರನ್ನ ಯಾರಾದ್ರೂ ನೆನಪಿಟ್ಕೋತಾರೆ" ಅಂದರು.

ನಂಗೆ ಅಪ್ಪ ನೆನಪಾದರು. ಚಂದನದ 'ಥಟ್ ಅಂತ ಹೇಳಿ' ಶುರುವಾದ ಹೊಸದರಲ್ಲಿ ಹೋಗಿ, ನಾ. ಸೋಮೇಶ್ವರ ಅವರಿಂದ ಮೂರು ಪುಸ್ತಕ ತಂದಿದ್ದರು. ನಮ್ಮನೇಲಿ ರೆಕಾರ್ಡ್ ಮಾಡೋಕೆ ಏನೂ ಇರಲಿಲ್ಲ. ಪ್ರಸಾರದ ದಿನ ಕರೆಂಟೂ ಹೋಗಿ, ಅಮ್ಮ ಪಕ್ಕದ ಬೀದಿಯ ಅತ್ತೆ ಮನೇಲಿ ನೋಡಿದ್ದು. ನಾನು ಹಾಸ್ಟೆಲ್‌ನಲ್ಲಿದ್ದೆ. ಈಗ ಅಪ್ಪ ಇಲ್ಲ, ಪುಸ್ತಕಗಳಿವೆ.

ಊರಿಗೆ ಬಂದ ಮೇಲೆ ಅಮ್ಮನ್ನ ಕೇಳಿದೆ, ಅಪ್ಪ ಅವತ್ತು ಯಾವ ಶರ್ಟ್ ಹಾಕಿದ್ರು?

"ನೀಲಿ ಗೆರೆದು ಕಣೋ. ಕೊನೇ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ತಪ್ಪು ಹೇಳಿದ್ರು."

ಪ್ರಶ್ನೆ ಯಾವುದು ಅನ್ನೋದು ಅಮ್ಮನಿಗೂ ಮರೆತುಹೋಗಿದೆ.