ಮೂರನೇ ಸಲಕ್ಕೆ ಮಾವನ ಮನೆ

ಕಳ್ಳರ ವಿಷಯ ಬಂದರೆ ನಾವೆಲ್ಲ ನ್ಯಾಯಾಧೀಶರೇ. ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವರಿಂದ ಹಿಡಿದು ಬಸ್ಸಿನಲ್ಲಿ ಜೇಬು ಕತ್ತರಿಸಿಕೊಂಡವರ ತನಕ ಎಲ್ಲರ ತೀರ್ಪೂ ಒಂದೇ: ‘ಒಳಗೆ ಹಾಕ್ರೀ, ಜನ್ಮಪೂರ್ತಿ ಮುದ್ದೆ ಮುರೀಲಿ!’ ಆ ಮುದ್ದೆಗೆ ರಾಗಿ ಯಾರ ಕಣಜದ್ದು, ಅವನು ಮಲಗೋದು ಎಲ್ಲಿ ಅಂತ ಕೇಳಿದರೆ ಕೇಳಿದವನ ಮೇಲೇ ಅನುಮಾನ. ಈ ತೀರ್ಪನ್ನು ಚಾಚೂ ತಪ್ಪದೆ ಜಾರಿಗೆ ತಂದು ನೋಡಿದ ರಾಜ್ಯವೊಂದಿದೆ, ಕ್ಯಾಲಿಫೋರ್ನಿಯಾ. ನಮ್ಮ ಹುಡುಗರು ಕಂಪ್ಯೂಟರ್ ಕೆಲಸಕ್ಕೆ ಹೋಗಿ, ಯುಗಾದಿಗೆ ಹಾಲ್ ಬಾಡಿಗೆ ಹಿಡಿದು ಒಬ್ಬಟ್ಟು ತಿನ್ನುವ ಅದೇ ಕ್ಯಾಲಿಫೋರ್ನಿಯಾ.

1993ರಲ್ಲಿ ಅಲ್ಲಿನ ಪೆಟಲೂಮ ಎಂಬ ಊರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಮನೆಯಿಂದಲೇ ಎತ್ತಿಕೊಂಡು ಹೋಗಿ ಕೊಂದ ಪಾಪಿ, ಪೆರೋಲಿನ ಮೇಲೆ ಹೊರಬಂದಿದ್ದ ಹಳೇ ಅಪರಾಧಿ. ರಾಜ್ಯ ಕುದಿಯಿತು. ಮರುವರ್ಷವೇ ಬೇಸ್‌ಬಾಲಿನ ಲೆಕ್ಕದಲ್ಲಿ ಕಾನೂನು ಬಂತು: ಮೂರು ಸಲಕ್ಕೆ ಔಟ್. ಮೊದಲೆರಡು ಅಪರಾಧ ಗಂಭೀರವಾಗಿದ್ದರೆ ಸಾಕು, ಮೂರನೆಯದು ಯಾವ ಫೆಲನಿಯಾದರೂ (ದೊಡ್ಡ ಅಪರಾಧಕ್ಕೆ ಅಲ್ಲಿನ ಕಾನೂನಿನ ಹೆಸರು) ಸರಿ, 25 ವರ್ಷದಿಂದ ಜೀವಾವಧಿ. ನವೆಂಬರಿನಲ್ಲಿ ಜನರ ಮತಕ್ಕೆ ಹಾಕಿದಾಗ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಸೈ ಅಂದರು. ಆ ಹೊತ್ತಿನಲ್ಲಿ ಯಾರಿದ್ದರೂ ಅನ್ನುತ್ತಿದ್ದರು ಬಿಡಿ.

ಆದರೆ ಬಲೆಗೆ ಬಿದ್ದವರು ಎಂಥವರು? ಒಬ್ಬ, ಒಂದೊಂದಕ್ಕೆ 399 ಡಾಲರಿನ ಮೂರು ಗಾಲ್ಫ್ ಕೋಲುಗಳನ್ನು ಪ್ಯಾಂಟಿನ ಕಾಲೊಳಗೆ ಇಳಿಬಿಟ್ಟುಕೊಂಡು ಅಂಗಡಿಯಿಂದ ಹೊರಟ. ಕುಂಟುತ್ತ ಹೋಗುತ್ತಿದ್ದವನನ್ನು ಕಂಡು ಅಂಗಡಿಯವರಿಗೆ ಅನುಮಾನ ಬಂತು, ಪೊಲೀಸರು ಬಂದರು, 25 ವರ್ಷ ಬಿತ್ತು. ಇನ್ನೊಬ್ಬ ಎರಡು ಅಂಗಡಿಗಳಿಂದ ಸ್ನೋವೈಟ್, ಸಿಂಡ್ರೆಲಾ ಇತ್ಯಾದಿ ಒಂಬತ್ತು ವಿಡಿಯೊ ಕ್ಯಾಸೆಟ್ ಕದ್ದ. ಒಟ್ಟು ಬೆಲೆ 150 ಡಾಲರಿನ ಆಸುಪಾಸು. ಕಳ್ಳತನ ಎರಡಾದ್ದರಿಂದ ಶಿಕ್ಷೆಯೂ ಎರಡು: ಕನಿಷ್ಠ 50 ವರ್ಷ. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎರಡನ್ನೂ ಐದು–ನಾಲ್ಕರಲ್ಲಿ ಎತ್ತಿಹಿಡಿಯಿತು. ಆ ಐವರಲ್ಲಿ ಆಂಟನಿ ಕೆನಡಿ ಒಬ್ಬರು. ಹೆಸರು ನೆನಪಿರಲಿ.

ಇಷ್ಟಾಗಿ ಕಳ್ಳತನವಾದರೂ ಇಳಿಯಿತೇ? ಇಳಿಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಸಿಕ್ಕಿಬಿದ್ದವರು ಮತ್ತೆ ಬಂಧನಕ್ಕೊಳಗಾಗುವುದು ನೂರಕ್ಕೆ 17ರಿಂದ 20ರಷ್ಟು ಕಡಿಮೆಯಾಯಿತೆಂದು ಹೆಲ್ಯಾಂಡ್ ಮತ್ತು ಟಾಬರಾಕ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಲೆಕ್ಕ ಕೊಟ್ಟರು. ಮರುವರ್ಷ ರಾಧಾ ಅಯ್ಯಂಗಾರ್ ಎಂಬ ಅರ್ಥಶಾಸ್ತ್ರಜ್ಞೆ ಅದೇ ಕಾನೂನನ್ನು ಅಳೆದು ನೋಡಿದರು. ಅಪರಾಧಕ್ಕಿಳಿಯುವವರು ಕಡಿಮೆಯಾಗಿದ್ದರು, ನಿಜ. ಆದರೆ ಇಳಿದವರು ಹೆಚ್ಚು ಕ್ರೂರಿಗಳಾಗಿದ್ದರು, ಕೆಲವರು ಪಕ್ಕದ ರಾಜ್ಯಕ್ಕೆ ಕಸುಬು ವರ್ಗಾಯಿಸಿಕೊಂಡಿದ್ದರು! ಮುಳುಗಿದವನಿಗೆ ಚಳಿಯೇನು, ಮಳೆಯೇನು? ಕ್ಯಾಸೆಟ್ಟಿಗೂ 25, ಪಿಸ್ತೂಲಿಗೂ 25 ಎಂದ ಮೇಲೆ ಪಿಸ್ತೂಲನ್ನೇ ಹಿಡಿಯುತ್ತಾನೆ.

ಅತ್ತ ಜೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. 80 ಸಾವಿರ ಮಂದಿಗೆಂದು ಕಟ್ಟಿದ್ದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು. ವ್ಯಾಯಾಮಶಾಲೆಯಲ್ಲಿ ಮಂಚದ ಮೇಲೆ ಮಂಚ, 54 ಜನಕ್ಕೆ ಒಂದೇ ಕಕ್ಕಸು. ಮಾನಸಿಕ ರೋಗಿಗಳನ್ನು ಟೆಲಿಫೋನ್ ಬೂತಿನಷ್ಟಗಲದ ಪಂಜರದಲ್ಲಿ ನಿಲ್ಲಿಸಿದ್ದರು. (ನಮ್ಮಲ್ಲೂ ಜೈಲು ತುಂಬಿದೆ, ಕಾರಣ ಬೇರೆ: 2022ರ ಕೊನೆಗೆ ಒಳಗಿದ್ದ ನಾಲ್ವರಲ್ಲಿ ಮೂವರು ಶಿಕ್ಷೆಯಾದವರೇ ಅಲ್ಲ, ವಿಚಾರಣಾಧೀನರು. ಅದಕ್ಕೆ ಇನ್ನೊಂದು ಹರಟೆ ಬೇಕು.) 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕ್ಯಾಲಿಫೋರ್ನಿಯಾದ ಈ ಇಕ್ಕಟ್ಟು ಸಂವಿಧಾನಕ್ಕೆ ವಿರುದ್ಧ, ಜನ ಕಡಿಮೆ ಮಾಡಿ ಎಂದಿತು. ಮತ್ತೆ ಐದು–ನಾಲ್ಕು. ತೀರ್ಪು ಬರೆದವರು ಅದೇ ಕೆನಡಿ! ಮಾತು ಸಾಲದೆಂದೋ ಏನೋ, ಕೊನೆಗೆ ಜೈಲಿನ ಫೋಟೊಗಳನ್ನೂ ಲಗತ್ತಿಸಿದರು. ಅವರ ಊರು ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾದ ರಾಜಧಾನಿ.

ರಾಜ್ಯ ಸರ್ಕಾರ ಆಗ ಮಾಡಿದ್ದು ಅಪ್ಪಟ ಸರ್ಕಾರಿ ಉಪಾಯ. ಸಣ್ಣಪುಟ್ಟವರನ್ನು ಇನ್ನು ಮೇಲೆ ಜಿಲ್ಲೆಯ ಜೈಲುಗಳೇ ನೋಡಿಕೊಳ್ಳಲಿ ಎಂದು ಫೈಲು ದಾಟಿಸಿತು. ಮೊದಲ ವರ್ಷವೇ ರಾಜ್ಯದ ಜೈಲಿನಲ್ಲಿ ಸುಮಾರು 27 ಸಾವಿರ ಮಂದಿ ಕಡಿಮೆಯಾದರು. ಅಲ್ಲಿ ಮೂವರು ಇಳಿದರೆ ಜಿಲ್ಲೆಯಲ್ಲಿ ಒಬ್ಬ ಏರಿದ ಎಂಬುದು ಸಂಶೋಧಕರ ಲೆಕ್ಕ. ಹಾಗಾದರೆ ಉಳಿದಿಬ್ಬರು? ಹೊರಗೇ ಇದ್ದರು! ಊರು ಹಾಳಾಗುತ್ತದೆಂದು ಹೆದರಿಸಿದವರುಂಟು. ಕೊಲೆ, ಸುಲಿಗೆ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಕಾರುಗಳು ಮಾತ್ರ ಹೆಚ್ಚು ಕಳುವಾದವು. ನನಗೇನೋ ಇದು ಅಗ್ಗದ ಬೆಲೆ ಅನ್ನಿಸುತ್ತದೆ. ನನ್ನ ಕಾರು ಅಲ್ಲಿಲ್ಲ, ಅದೂ ನಿಜ.

2014ರಲ್ಲಿ, 950 ಡಾಲರಿನೊಳಗಿನ ಕಳ್ಳತನವನ್ನು ಫೆಲನಿ ಮಾಡಬೇಡಿ ಎಂದು ಅದೇ ಮತದಾರರು ಹೇಳಿದರು. ಜೈಲುಗಳು ಇನ್ನಷ್ಟು ತೆಳುವಾಗಿ, ಒಂದೊಂದಾಗಿ ಮುಚ್ಚತೊಡಗಿದವು. ಮೂಲೆಯಲ್ಲಿರುವ ಸುಸಾನ್‌ವಿಲ್ ಎಂಬ ಊರು, ನಮ್ಮ ಜೈಲು ಮುಚ್ಚಬೇಡಿ ಎಂದು ರಾಜ್ಯದ ಮೇಲೆಯೇ ಕೇಸು ಹಾಕಿತು. ಊರವರ ಸಂಬಳ, ಅಂಗಡಿ, ಬಾಡಿಗೆ ಎಲ್ಲ ಆ ಗೋಡೆಯನ್ನೇ ನಂಬಿದ್ದವು. ಕೇಸು ನಿಲ್ಲಲಿಲ್ಲ, 2023ರಲ್ಲಿ ಬೀಗ ಬಿತ್ತು.

2024ರಲ್ಲಿ ಮತ್ತೆ ಮತ. ಹಿಂದೆ ಎರಡು ಸಲ ಕಳ್ಳತನದಲ್ಲಿ ಶಿಕ್ಷೆಯಾಗಿದ್ದರೆ, ಮೂರನೇ ಸಲ ಕದ್ದದ್ದು ಎಷ್ಟೇ ಸಣ್ಣದಿರಲಿ, ಫೆಲನಿ ಎನ್ನಬಹುದು. ಇದರಿಂದ ಜೈಲಿಗೆ ಕೆಲವು ಸಾವಿರ ಮಂದಿ ಹೆಚ್ಚಾಗಬಹುದು, ಖರ್ಚೂ ಏರುತ್ತದೆ ಎಂದು ಮತದಾರರ ಕೈಪಿಡಿಯಲ್ಲೇ ಅಚ್ಚಾಗಿತ್ತು. ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಹೂಂ ಅಂದರು. ಆ ಪುಟವನ್ನು ಸುಸಾನ್‌ವಿಲ್‌ನವರು ಮಾತ್ರ ಎರಡೆರಡು ಸಲ ಓದಿರಬೇಕು ಎಂದು ನನ್ನ ಊಹೆ.