ಪರಸಗಡದ ಮೇಲೆ ರೋಹಿಣಿ ಮಳೆ

ಮಿಂಚಿತು. ಮಾಸ್ತರರು ಎಣಿಸತೊಡಗಿದರು. ಹದಿನೆಂಟಕ್ಕೆ ಗುಡುಗು ಕೇಳಿಸಿತು. ಶಬ್ದ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡು ಬೇಕು. ಅಂದರೆ ಸಿಡಿಲು ಬಿದ್ದದ್ದು 6 ಕಿಲೋಮೀಟರ್ ಆಚೆ.

"ಸಾಕು, ಇಳಿಯೂಣು ನಡೀರಿ," ಅಂದರು.

"ಅಷ್ಟು ದೂರ ಐತಲ್ರಿ ಸರ್, ಒಂದು ಫೋಟೊ ತಕ್ಕೊಂಡ ಬರ್ತೀನಿ," ಅಂದ ಬೈಲಹೊಂಗಲದ ಹುಡುಗ.

ದೂರ ಎನ್ನುವುದೇ ಮೋಸ. ಮಳೆ ಸುರಿಯುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಎರಗಬಲ್ಲದು. ಗುಡುಗು ಕಿವಿಗೆ ಬಿತ್ತೆಂದರೆ ಅದರ ಕೈಯಳತೆಯೊಳಗೆ ನಾವಿದ್ದೇವೆ ಅಂತಲೇ ಲೆಕ್ಕ. ಮಾಸ್ತರರು ಇದನ್ನೆಲ್ಲ ವಿವರಿಸಲಿಲ್ಲ. ಹುಡುಗನ ಚೀಲ ಎತ್ತಿ ಅವನ ಹೆಗಲಿಗೆ ಹಾಕಿದರು, ಅಷ್ಟೇ.

ಸವದತ್ತಿ ಊರಿನ ದಕ್ಷಿಣಕ್ಕೆ, ನಡೆದು ಹೋಗುವಷ್ಟು ಹತ್ತಿರದಲ್ಲಿರುವ ಹಾಳುಕೋಟೆ ಪರಸಗಡ. ಈ ತಾಲ್ಲೂಕಿಗೇ ಒಂದು ಕಾಲಕ್ಕೆ ಪರಸಗಡ ತಾಲ್ಲೂಕೆಂದು ಹೆಸರಿತ್ತು. ರಟ್ಟರು ಬೆಳಗಾವಿಗೆ ಗದ್ದುಗೆ ಒಯ್ಯುವ ಮೊದಲು ಆಳಿದ ಸುಗಂಧವರ್ತಿಯೂ ಇದೇ ಸವದತ್ತಿ. ಆದರೂ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಲಕ್ಷಾಂತರ ಜನರಲ್ಲಿ ಇತ್ತ ತಿರುಗಿ ನೋಡುವವರು ಬೆರಳೆಣಿಕೆಯಷ್ಟು. ಮುಳ್ಳಯ್ಯನಗಿರಿ, ಕುದುರೆಮುಖ ಹತ್ತಿ ಬಂದವರಂತೂ "ಇದೂ ಒಂದು ಗುಡ್ಡವೇ?" ಎಂದು ನಕ್ಕಾರು. ನನ್ನ ಕೇಳಿದರೆ, ನಮ್ಮ ಕಡೆಯ ಗುಡ್ಡಗಳಲ್ಲಿ ಅಂಜಬೇಕಾದ್ದು ಎತ್ತರಕ್ಕಲ್ಲ. ಇವುಗಳ ನೆತ್ತಿ ಬೋಳು, ಸುತ್ತಲೂ ಎರೆಭೂಮಿಯ ಬಯಲು. ಮುಂಗಾರಿನ ಮುಂಚಿನ ವಾರಗಳಲ್ಲಿ ಇಲ್ಲಿ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು.

ಆ ವಾರಗಳೇ ಜನರನ್ನು ಗುಡ್ಡಕ್ಕೆ ಎಳೆಯುತ್ತವೆ. ರೋಹಿಣಿ ಮಳೆ ಎರಡು ಸಲ ಬಂದು ಹೋಗಿತ್ತು. ನೆಲ ತಣಿದಿತ್ತು, ಎರೆ ಹೊಲದಿಂದ ಹಸಿಮಣ್ಣಿನ ವಾಸನೆ. ಕಿತ್ತೂರಿನವರು, ಬೈಲಹೊಂಗಲದವರು, ರಾಮದುರ್ಗದವರು ಎಂದು ಹದಿನಾಲ್ಕು ಮಂದಿ ಸೇರಿದ್ದೆವು. ರಾಮದುರ್ಗದ ಬಸ್ಸು ತಡವಾಯಿತು. ಗುಡ್ಡದ ಬುಡದಲ್ಲಿ ಕುರಿ ಬಿಟ್ಟುಕೊಂಡಿದ್ದ ಅಜ್ಜ ಗಡಿಯಾರ ನೋಡದೆಯೇ ನಮ್ಮ ಹೊತ್ತು ಹೇಳಿದ: "ಮಧ್ಯಾಹ್ನ ಆತಂದ್ರ ಮುಗಿಲು ಕಟ್ಟತೈತ್ರಿ. ಉಣ್ಣೂ ಹೊತ್ತಿಗೆ ಕೆಳಗ ಇರ್ರಿ."

ಹತ್ತಿದ ಮೇಲೆ ಕಂಡ ನೋಟಕ್ಕೆ ಆ ಮಾತು ಮರೆತೇಹೋಯಿತು. ಒಂದು ಕಡೆ ರೇಣುಕಾಸಾಗರದ ಹಿನ್ನೀರು. 37.73 ಟಿಎಂಸಿ ಹಿಡಿಯುವ ಜಲಾಶಯ ಮೇ ಕೊನೆಗೆ ಬಸಿದುಹೋಗಿ, ಅಂಚಿಗೆಲ್ಲ ಕೆಸರಿನ ಪಟ್ಟೆ. ಕನಕುಂಬಿಯಿಂದ ಬರುವ ಮಲಪ್ರಭೆ ಈ ಗುಡ್ಡಸಾಲನ್ನು ನವಿಲುತೀರ್ಥದ ಹತ್ತಿರ ಸೀಳಿ ಮುನವಳ್ಳಿ, ರಾಮದುರ್ಗದ ಕಡೆ ಹರಿಯುತ್ತದೆ. ಅಣೆಕಟ್ಟು ಕಟ್ಟಿರುವುದು ಆ ಸೀಳಿನಲ್ಲೇ. ಇನ್ನೊಂದು ಕಡೆ ನವಲಗುಂದ, ನರಗುಂದದತ್ತ ಚಾಚಿದ ಬಯಲು, ಹರಗಿಟ್ಟ ಹೊಲಗಳು. ಧಾರವಾಡದ ದಿಕ್ಕಿಗೆ ಮೋಡ ಹೂಕೋಸಿನ ಹಾಗೆ ಅರಳುತ್ತ ಮೇಲೇಳುತ್ತಿತ್ತು. ಅದರ ಬುಡ ಮಾತ್ರ ಕಪ್ಪು.

ಗಾಳಿ ತಟಕ್ಕನೆ ನಿಂತಿತು. ಮರುಗಳಿಗೆ ತಿರುಗಿ ಬೀಸಿತು, ಈ ಸಲ ತಣ್ಣಗೆ. ಮಿಂಚು. ಒಂಬತ್ತು. ಮೂರೇ ಕಿಲೋಮೀಟರ್! ಈಗ ಯಾರಿಗೂ ಹೇಳಬೇಕಾಗಲಿಲ್ಲ. ಇಳಿಯತೊಡಗಿದೆವು. ಹನಿಯೊಂದು ಬಂಡೆಗೆ ಬಿದ್ದು ಬಿಸಿಗೆ ಅಲ್ಲೇ ಆರಿತು. ಇನ್ನೊಂದು ಆರಲಿಲ್ಲ. ಆಮೇಲೆ ಆಣೆಕಲ್ಲು, ಗೋಲಿಯಷ್ಟು ದಪ್ಪದವು, ತಲೆಗೆ, ಬೆನ್ನಿಗೆ, ಕೈಗೆ. ಕಾಲಡಿ ಕಲಾದಗಿ ಸಾಲಿನ ಮರಳುಗಲ್ಲು. ಒಣಗಿದ್ದಾಗ ಚಪ್ಪಲಿಯನ್ನೂ ಬಿಗಿಯಾಗಿ ಹಿಡಿಯುವ ಕಲ್ಲು ನೀರು ಬಿದ್ದರೆ ಜಾರುಬಂಡಿ. ಹತ್ತುವಾಗ ದಾರಿಯಾಗಿದ್ದದ್ದು ಇಳಿಯುವಾಗ ಹಳ್ಳವಾಗಿತ್ತು. ಕೆಂಪು ನೀರು ಮೊಣಕಾಲ ತನಕ ನುಗ್ಗಿ ಬಂತು.

ಒಂಟಿ ಬೇವಿನ ಗಿಡ ಕಂಡಿತು. ಹುಡುಗರು ಅತ್ತ ಓಡಿದರು.

"ಗಿಡದ ಬುಡಕ ಹೋಗಬ್ಯಾಡ್ರೋ! ಹೊರಗ ಬರ್ರಿ!" ಇಳಿಜಾರಿನ ಕೆಳಗಿನಿಂದ ಕುರಿ ಅಜ್ಜನ ಕೂಗು, ಮಳೆ ಸೀಳಿಕೊಂಡು.

ಇತ್ತ ಚಾಚಿದ ಬಂಡೆಯ ಅಡಿಗೆ ನುಸುಳಲು ಹೊರಟಿದ್ದ ಇಬ್ಬರನ್ನು ರಾಮದುರ್ಗದ ನರ್ಸ್ ಅಕ್ಕಾರು ರಟ್ಟೆ ಹಿಡಿದು ಎಳೆದರು. ಸಿಡಿಲು ಗುಡ್ಡದ ಮೈಮೇಲೆ ಹರಿದು ಬರುವಾಗ ಅಂಥ ಪೊಟರೆಯ ಬಾಯನ್ನು ಜಿಗಿಯುತ್ತದೆ, ನಡುವೆ ಕೂತವರೇ ಅದಕ್ಕೆ ದಾರಿ. "ಒಬ್ರಿಂದ ಒಬ್ರು ಹತ್ತು ಮಾರು ದೂರ ಸರೀರಿ! ಕುಕ್ಕರಗಾಲಿಲೆ ಕುಂದರ್ರಿ, ಹಿಮ್ಮಡ ಕೂಡಿಸ್ರಿ, ಮಲಗಬ್ಯಾಡ್ರಿ!" ಗುಂಪಾಗಿದ್ದರೆ ಎಲ್ಲರೂ ಒಟ್ಟಿಗೆ ಬೀಳುತ್ತೇವೆ. ಚದುರಿದ್ದರೆ ಬಿದ್ದವನನ್ನು ಎಬ್ಬಿಸಲು ಯಾರಾದರೂ ಉಳಿದಿರುತ್ತಾರೆ. ಅವರ ಲೆಕ್ಕ ಅಷ್ಟು ನೇರ.

ಚದುರಿದೆವು. ಕುಕ್ಕರಿಸಿದೆವು. ತೋಳಿನ ರೋಮ ಹಸಿಯಲ್ಲೂ ನಿಗುರಿ ನಿಂತವು. ಪಕ್ಕದ ಹಾಳುಗೋಡೆಯ ಕಡೆಯಿಂದ ಜೇನು ಗುಂಯ್‌ಗುಟ್ಟಿದಂಥ ಸದ್ದು.

ಬೆಳಕು ಮತ್ತು ಶಬ್ದ ಒಟ್ಟಿಗೇ ಬಂದವು. ಎಣಿಸಲು ನಡುವೆ ಏನೂ ಇರಲಿಲ್ಲ.

ಕಣ್ಣು ತೆರೆದಾಗ ಬೇವಿನ ಗಿಡದ ತೊಗಟೆ ನೆತ್ತಿಯಿಂದ ಬುಡದವರೆಗೆ ಬಿಳಿ ಪಟ್ಟಿಯಾಗಿ ಸುಲಿದಿತ್ತು. ನನ್ನ ಅಂಗಾಲಿಗೆ ಇರುವೆ ಮುತ್ತಿದ ಹಾಗೆ ಜುಮುಜುಮು. ಗಿಡದಿಂದ ಓಡಿ ಬರುತ್ತಿದ್ದ ಬೈಲಹೊಂಗಲದ ಹುಡುಗ ಬಿದ್ದಿದ್ದ.

ಅವನ ಒಂದು ಕಾಲು ಮೇಲಿನ ಕಲ್ಲಿನ ಮೇಲೆ, ಇನ್ನೊಂದು ಕೆಳಗೆ ಇತ್ತು. ವ್ಯತ್ಯಾಸ ಅಷ್ಟೇ. ನೆಲಕ್ಕಿಳಿದ ವಿದ್ಯುತ್ತು ಸುತ್ತಲೂ ಹರಡುತ್ತ ದುರ್ಬಲವಾಗುತ್ತ ಹೋಗುತ್ತದೆ. ಎರಡು ಹೆಜ್ಜೆಗಳ ನಡುವೆ ಅಂತರ ಹೆಚ್ಚಿದಷ್ಟೂ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವ ಏಟು ಜೋರು. ದನ, ಕುರಿಗಳು ಸಿಡಿಲಿಗೆ ಹಿಂಡುಹಿಂಡಾಗಿ ಸಾಯುವುದೂ ಇದೇ ಕಾರಣಕ್ಕೆ. ಅವುಗಳ ಮುಂಗಾಲು, ಹಿಂಗಾಲಿನ ನಡುವೆ ಎದೆಯಿದೆ.

ಮುಟ್ಟಲು ಕಿತ್ತೂರಿನ ಹುಡುಗಿ ಹಿಂಜರಿದಳು. "ಕರೆಂಟ್ ಏನೂ ಇರೂದಿಲ್ಲವ್ವಾ, ಹಿಡಿ!" ಎಂದು ನರ್ಸ್ ಅಕ್ಕಾರು ಗದರಿದರು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿಯುವುದಿಲ್ಲ. ಮುಟ್ಟಲು ಅಂಜಿಯೇ ಎಷ್ಟೋ ಜೀವ ಹೋಗಿವೆ. ಉಸಿರಿತ್ತು. ಮಣಿಕಟ್ಟಿನಲ್ಲಿ ನಾಡಿ ಇತ್ತು. ಪಾದದ ಮೇಲೆ ಬೆರಳಿಟ್ಟು ನೋಡಿದರು, ಅಲ್ಲಿ ಇಲ್ಲ. ಎರಡೂ ಕಾಲು ತೊಡೆಯಿಂದ ಕೆಳಗೆ ತಣ್ಣಗೆ ಕೊರೆಯುತ್ತಿದ್ದವು, ಬಣ್ಣ ನೀಲಿಗೆ ತಿರುಗಿತ್ತು.

"ಅಕ್ಕಾರ, ನನ್ನ ಕಾಲು ಎಲ್ಲಿ ಅದಾವ್ರಿ?" ಅಂದ ಹುಡುಗ. ಅಳುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.

ಅಜ್ಜ ಏರಿ ಬಂದಿದ್ದ. ಹೆಗಲ ಕಂಬಳಿ ತೆಗೆದು ನೆಲಕ್ಕೆ ಹಾಸಿದ. ಹುಡುಗನನ್ನು ಉರುಳಿಸಿ, ಎರಡೂ ಅಂಚು ಸುತ್ತಿ ಹಿಡಿಕೆ ಮಾಡಿ, ಆರು ಜನ ಎತ್ತಿದೆವು. ನೀರು ಕುಡಿದ ಕಂಬಳಿಯ ಭಾರವೇ ಬೇರೆ. ಮಾಸ್ತರರು ಮುಂದೆ ಕೋಲಿನಿಂದ ನೀರಿನಡಿಯ ಕಲ್ಲು ತಡಕುತ್ತ, "ಎಡಕ್ಕ... ನಿಲ್ಲ್ರಿ... ಈಗ ಇಳಸ್ರಿ," ಎನ್ನುತ್ತ ನಡೆದರು. ಒಬ್ಬರು ಜಾರಿದರೆ ಐವರು ಕುಸಿದು ಕೂರಬೇಕು, ಕಂಬಳಿ ಮಾತ್ರ ನೆಲ ಮುಟ್ಟಬಾರದು. ಮಿಂಚು ಈಗ ನಮ್ಮನ್ನು ದಾಟಿ ಎಲ್ಲಮ್ಮನ ಗುಡ್ಡದ ಕಡೆ ಸರಿದಿತ್ತು. ಆರು, ಒಂಬತ್ತು, ಹದಿನೈದು. ಎಣಿಕೆ ದೊಡ್ಡದಾದಷ್ಟೂ ಕೈ ಸೋಲುತ್ತಿದ್ದವು.

ರಸ್ತೆಗೆ ಬಂದಾಗ 108 ನಿಂತಿತ್ತು. ಸಂಜೆಯ ಹೊತ್ತಿಗೆ ಹುಡುಗನ ಪಾದದಲ್ಲಿ ನಾಡಿ ಮರಳಿತು, ರಾತ್ರಿ ಬೆರಳು ಆಡಿಸಿದ. ಸಿಡಿಲಿನ ಹೊಡೆತಕ್ಕೆ ರಕ್ತನಾಳ ಬಿಗಿದುಕೊಂಡು ಕಾಲು ಹೀಗೆ ಸತ್ತಂತಾಗುವುದುಂಟು, ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿ ಬಿಡುತ್ತದೆ ಅಂದರು ಡಾಕ್ಟರು.

ಅಜ್ಜ ಆಸ್ಪತ್ರೆಗೆ ಬರಲಿಲ್ಲ. ನಮ್ಮನ್ನು ಇಳಿಸಿ ಮತ್ತೆ ಗುಡ್ಡ ಹತ್ತಿದ್ದ. ಅವನ ಮೂರು ಕುರಿ ಸತ್ತಿದ್ದವು. ಪರಿಹಾರಕ್ಕೆ ಪಶುವೈದ್ಯರು ಪರೀಕ್ಷೆ ಮಾಡಿ ಬರೆದುಕೊಡಬೇಕು, ಸಿಡಿಲಿಗೇ ಸತ್ತವು ಎಂದು ಹೇಳುವವರೂ ಬೇಕು. ಮರುದಿನ ಮಾಸ್ತರರು, ನರ್ಸ್ ಅಕ್ಕಾರು, ನಾನು ಅಲ್ಲಿಗೆ ಹೋದೆವು. ಆಸ್ಪತ್ರೆಯಿಂದ ಬಿಟ್ಟಿದ್ದ ಹುಡುಗನೂ ಕುಂಟುತ್ತ ಬಂದ. ಕಾಗದದ ಕೆಳಗೆ ಸಾಕ್ಷಿದಾರರ ಜಾಗದಲ್ಲಿ ಮೊದಲ ಸಹಿ ಅವನೇ ಹಾಕಿದ.