ಎಡಗಾಲಿನ ಜೋಡು

ಅಣ್ಣನಿಗೆ ಬಹುಕಾಲದ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಹುಣ್ಣೊಂದು ಮಾಯದೆ ಕೊಳೆತು, ಜೀವ ಉಳಿಯಬೇಕಾದರೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಲೇಬೇಕಾಯಿತು. ಆತ ಆಸ್ಪತ್ರೆಯಿಂದ ಮನೆಗೆ ಬರುವ ಮುನ್ನಾದಿನ ನಾನು ಮಾಡಿದ ಒಂದು ಕೆಲಸವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಬಾಗಿಲ ಬಳಿಯಿದ್ದ ಅವನ ಎಡಗಾಲಿನ ಜೋಡನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಕಂಡರೆ ನೊಂದಾನೆಂಬ ಕನಿಕರ!

ಮನೆಯವರೆಲ್ಲರದೂ ಇಂಥದೇ ಕನಿಕರ. ನೀರಿನ ಲೋಟ ಕೇಳುವ ಮೊದಲೇ ಕೈಗೆ ಬರುತ್ತಿತ್ತು; ಪತ್ರಿಕೆ ಮಂಚಕ್ಕೇ ಬರುತ್ತಿತ್ತು. ಕಾಲಿನ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅಣ್ಣ ದಿನದಿನಕ್ಕೆ ಮೌನಿಯಾದ, ಊಟ ಸೇರದಾಯಿತು. ಒಂದು ರಾತ್ರಿ ನನ್ನನ್ನು ಎಬ್ಬಿಸಿ, "ಎಡಪಾದ ಉರಿಯುತ್ತಿದೆ ಕಣೋ. ಇಲ್ಲದ ಬೆರಳುಗಳನ್ನು ಯಾರೋ ಹಿಂಡಿದಂತಾಗುತ್ತಿದೆ. ನನಗೆ ಬುದ್ಧಿ ಕೆಟ್ಟಿತೇ?" ಎಂದ. ಹೊದಿಕೆ ತಗ್ಗಿದ್ದ ಜಾಗವನ್ನು ನೋಡಿ ನನಗೂ ಭಯವಾಯಿತು.

ವೈದ್ಯರು ಅದನ್ನು ಕೇಳಿ ಅಚ್ಚರಿಪಡಲಿಲ್ಲ. ಅಂಗ ಹೋದರೂ ಮಿದುಳಿನಲ್ಲಿ ಅದರ ಗುರುತು ಉಳಿದಿರುವುದರಿಂದ ಬಹುಮಂದಿಗೆ ಹೀಗಾಗುವುದೆಂದರು. ಅಮೆರಿಕದ ವೈದ್ಯ ವೇರ್ ಮಿಚೆಲ್ 1871ರಲ್ಲಿಯೇ ಈ ಅನುಭವವನ್ನು ಕುರಿತು ಬರೆದಿದ್ದನಂತೆ. ಎರಡು ಕಾಲುಗಳ ನಡುವೆ ಕನ್ನಡಿಯಿಟ್ಟು, ಬಲಗಾಲಿನ ಪ್ರತಿಬಿಂಬವನ್ನು ಎಡಗಾಲೆಂಬಂತೆ ನೋಡುತ್ತ ಆಡಿಸಿದರೆ ಕೆಲವರಿಗೆ ನೋವು ಇಳಿಯುವುದುಂಟು. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ತೋರಿಸಿದ ಉಪಾಯವದು. ಇಷ್ಟು ತಿಳಿಸಿ ವೈದ್ಯರು ನನ್ನತ್ತ ತಿರುಗಿದರು. "ಮನೆಯಲ್ಲಿ ಒಬ್ಬರು ಹೋದರೆ ಹದಿಮೂರು ದಿನ ಅಳುತ್ತೀರಿ. ಇವರ ಕಾಲು ಹೋಗಿದೆ; ಅಳಲು ಒಂದು ದಿನವಾದರೂ ಬಿಟ್ಟಿರಾ?" ನನ್ನಲ್ಲಿ ಉತ್ತರವಿರಲಿಲ್ಲ. ಊಟ ನಿದ್ರೆಗಳು ಹೀಗೆಯೇ ಕೆಟ್ಟರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬಾರದೆಂದೂ, 2022ರಲ್ಲಿ ಆರಂಭವಾದ ಸರ್ಕಾರದ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ ಅಳಲನ್ನು ಹೇಳಿಕೊಳ್ಳಬಹುದೆಂದೂ ತಿಳಿಸಿದರು.

ಆ ವಾರವೇ ಅವರು ಒಬ್ಬ ನಿವೃತ್ತ ಮೇಷ್ಟರನ್ನು ನಮ್ಮ ಮನೆಗೆ ಕಳುಹಿಸಿದರು. ಅವರು ಮೆಟ್ಟಿಲು ಹತ್ತಿ ಬಂದು ಕುಳಿತು, ಪಂಚೆಯನ್ನು ಮೇಲಕ್ಕೆ ಸರಿಸಿದಾಗಲೇ ನಮಗೆ ತಿಳಿದುದು, ಅವರದು ಜೈಪುರದ ಕಾಲೆಂದು. ಕುಶಲಕರ್ಮಿ ರಾಮಚಂದ್ರ ಶರ್ಮರೂ ಡಾಕ್ಟರ್ ಸೇಠಿಯವರೂ ಕೂಡಿ 1968ರಲ್ಲಿ ರೂಪಿಸಿದ ಪಾದವದು. ಬರಿಗಾಲಿನಲ್ಲಿಯೂ ನಡೆಯಬಹುದು, ಜೋಡನ್ನೂ ಮೆಟ್ಟಬಹುದು.

"ಮೊದಲ ಆರು ತಿಂಗಳು ನಾನೂ ಗೋಡೆಯ ಕಡೆ ಮುಖಮಾಡಿ ಮಲಗಿದ್ದೆ" ಎಂದರು ಮೇಷ್ಟರು. ಅಷ್ಟಕ್ಕೇ ಅಣ್ಣನ ಕಟ್ಟೆಯೊಡೆಯಿತು. ಸಮಾಧಾನ ಹೇಳಲು ಧಾವಿಸಿದ ಅತ್ತಿಗೆಯನ್ನು ಮೇಷ್ಟರು ಕೈಸನ್ನೆಯಿಂದಲೇ ತಡೆದರು. ಅಣ್ಣ ಮನದಣಿಯೆ ಅತ್ತ. ಅನಂತರ ಕಣ್ಣೊರಸಿಕೊಂಡು ನನ್ನನ್ನು ಕೇಳಿದ:

"ನನ್ನ ಇನ್ನೊಂದು ಜೋಡು ಎಲ್ಲಿಟ್ಟಿದ್ದೀಯೋ? ಬಾಗಿಲಲ್ಲಿ ಒಂಟಿ ಜೋಡನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ."

ಅಟ್ಟದಿಂದ ಇಳಿಸಿ, ಧೂಳೊರಸಿ ತಂದಿಟ್ಟೆ.

ಈಗ ಅಣ್ಣ ತಾನೇ ಹೋಗಿ ಹಾಲು ತರುತ್ತಾನೆ. ಇಲ್ಲದ ಪಾದ ಕೆಲವು ರಾತ್ರಿ ಇನ್ನೂ ಉರಿಯುವುದುಂಟು. ಆಗ ನನ್ನನ್ನು ಎಬ್ಬಿಸುತ್ತಾನೆ. ಉಪದೇಶ ಹೇಳುವ ಚಪಲವನ್ನು ನಾನು ಬಿಟ್ಟಿದ್ದೇನೆ. ಎದ್ದು ಕುಳಿತು, ಅವನು ಹೇಳಿ ಮುಗಿಸುವವರೆಗೆ ಕೇಳುತ್ತೇನೆ.